ಅಡಕೆತೋಟದ ಮೈಲುತುತ್ತವೂ ಅಳಿವೆಯ ಮೀನೂ

ಮಲೆನಾಡಿನ ತೋಟಗಾರರಿಗೂ ಕರಾವಳಿಯ ಬೆಸ್ತರಿಗೂ ಸಂಬಂಧವೇನೆಂದು ಹಲವರು ಕೇಳಬಹುದು. ಶರಾವತಿಯೇ ಆ ಸಂಬಂಧವು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ಸೀಮೆಗಳ ಹಳ್ಳಗಳನ್ನು ಕೂಡಿಸಿಕೊಂಡು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಸಮುದ್ರವನ್ನು ಸೇರುವ ಈ ನದಿಯು ತೋಟಗಳ ಬಸಿಗಾಲುವೆಯ ನೀರನ್ನೂ ಒಯ್ಯುತ್ತದೆ.

ಕೊಳೆರೋಗದ ನಿವಾರಣೆಗೆ ಬೋರ್ಡೋ ದ್ರಾವಣವನ್ನು 1910ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡಾಕ್ಟರ್ ಕೋಲ್‌ಮನ್ನರು ಪ್ರಚಾರಕ್ಕೆ ತಂದರು. ಇಂದಿಗೂ ಅದು ಅವಶ್ಯವಾದ ಔಷಧವೇ, ಬಿಡತಕ್ಕದ್ದಲ್ಲ. ಆದರೆ 100 ಲೀಟರು ದ್ರಾವಣಕ್ಕೆ ಬೇಕಾದ 1 ಕಿಲೋಗ್ರಾಂ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ತಾಮ್ರವು ಕೊಳೆತು ನಾಶವಾಗತಕ್ಕ ವಸ್ತುವಲ್ಲ. ನೀರಿನಲ್ಲಿ ಕರಗಿದ ತಾಮ್ರವು ಮೀನಿನ ಕಿವಿರುಗಳನ್ನು ಕೆಡಿಸಿ ಉಸಿರಾಟಕ್ಕೆ ಅಡ್ಡಿಮಾಡುತ್ತದೆ. ಮೀನಿನ ಮರಿ, ಸಿಗಡಿ, ಕಪ್ಪೆಚಿಪ್ಪು, ಇವುಗಳ ಆಹಾರವಾದ ಸೂಕ್ಷ್ಮ ಪಾಚಿ, ಎಲ್ಲವೂ ಅತ್ಯಲ್ಪ ಪ್ರಮಾಣಕ್ಕೂ ಸೊರಗುತ್ತವೆ. ಸುಣ್ಣದ ಅಂಶ ಕಡಮೆಯಾದ ಮಲೆನಾಡಿನ ಮೆದುನೀರಿನಲ್ಲಿ ಈ ವಿಷವು ಮತ್ತಷ್ಟು ತೀಕ್ಷ್ಣವಾಗುತ್ತದೆ.

ಕಾಲವೂ ಪ್ರತಿಕೂಲವಾದುದೇ. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40-45 ದಿನಗಳ ತರುವಾಯ. ಮೊಟ್ಟೆಯಿಡಲು ಮೀನುಗಳು ಹೊಳೆಯಿಂದ ಹಳ್ಳಗಳಿಗೆ ಹತ್ತುವುದೂ ಮೊದಲ ಮಳೆಗಳಲ್ಲಿಯೇ. ಆದುದರಿಂದ ಮೊದಲ ಹಾನಿಯು ಊರ ಹಳ್ಳಕ್ಕೇ ತಟ್ಟುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ತಾಮ್ರದ ಬಹುಭಾಗವು ಹೂಳಿನೊಡನೆ ತಳಕ್ಕಿಳಿಯಬಹುದು. ಉಳಿದುದು ಅಳಿವೆಯ ಕಡೆಗೆ ಸಾಗುತ್ತದೆ. ಸಿಹಿನೀರೂ ಉಪ್ಪುನೀರೂ ಕೂಡುವ ಅಳಿವೆಯು ಅನೇಕ ಜಾತಿಯ ಸಮುದ್ರಮೀನುಗಳ ಮರಿಗಳು ಬೆಳೆಯುವ ತೊಟ್ಟಿಲು. ಅದು ಕೆಟ್ಟರೆ ಬಲೆ ಬರಿದು.

ತೋಟದ ಯಜಮಾನರು ಅನುಸರಿಸತಕ್ಕ ಕ್ರಮಗಳು:

1. ಆಯಾ ದಿನಕ್ಕೆ ಬೇಕಾದಷ್ಟು ದ್ರಾವಣವನ್ನು ಮಾತ್ರ ಸಿದ್ಧಪಡಿಸತಕ್ಕದ್ದು. ಹಳ್ಳಕ್ಕೆ ಸುರಿದ ಪ್ರತಿಯೊಂದು ಕೊಡವೂ ಸುರಿದ ಹಣವೇ.

2. ಉಜ್ಜಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಕೆಲಹೊತ್ತು ಅದ್ದಿ ನೋಡಬೇಕು. ಕೆಂಪು ಲೇಪ ಹತ್ತಿದರೆ ಕರಗಿದ ತಾಮ್ರವು ಮಿಕ್ಕಿದೆಯೆಂದರ್ಥ. ಅದು ಎಳೆಗಾಯಿಗೂ ಕೇಡು, ಮೀನಿಗೂ ಕೇಡು. ಲೇಪ ನಿಲ್ಲುವವರೆಗೆ ಸುಣ್ಣದ ತಿಳಿಯನ್ನು ಬೆರಸಬೇಕು.

3. ಪೀಪಾಯಿ, ಪಂಪುಗಳನ್ನು ಹಳ್ಳದಲ್ಲಿ ತೊಳೆಯಬಾರದು. ತೊಳೆದ ನೀರನ್ನು ಬಾವಿಗೂ ಹಳ್ಳಕ್ಕೂ ದೂರವಾದ ನೆಲದಲ್ಲಿ ಇಂಗಿಸಬೇಕು.

4. ಮಳೆ ಕವಿದಿರುವಾಗ ಸಿಂಪಡಿಸಬಾರದು.

ಊರ ಮುಖಂಡರ ಹೊಣೆ ಇನ್ನೂ ಹಿರಿದು. ಹಳ್ಳದ ಮಡುವಿಗೆ ವಿಷವಿಕ್ಕಿ ಮೀನು ಹಿಡಿಯುವುದು ಕಾನೂನಿಗೆ ವಿರುದ್ಧವಾದುದೆಂದು ಎಲ್ಲರಿಗೂ ತಿಳಿಸಿ ತಡೆಯಬೇಕು. ಒಂದು ತೋಟದ ತೊಳೆನೀರು ಅಲ್ಪವೆನಿಸಬಹುದು. ಮೂರು ತಾಲ್ಲೂಕುಗಳ ತೋಟಗಳದು ಅಲ್ಪವಲ್ಲ. ಘಟ್ಟದ ಮೇಲಿನವರ ಎಚ್ಚರಿಕೆಯೇ ಘಟ್ಟದ ಕೆಳಗಿನವರ ಅನ್ನಕ್ಕೆ ಕಾವಲು.