ಸುಣ್ಣದ ನೆಲದಲ್ಲಿ ಜಪಾನಿನ ಅಜೇಲಿಯ

ನರ್ಸರಿಯಿಂದ ತಂದ ಅಜೇಲಿಯ ಗಿಡವು ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯಂತಹ ಊರಿನ ಹಿತ್ತಲಿನಲ್ಲಿ ಬದುಕೀತೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬಿಸಿಲನ್ನು ಮುಂದೆ ಮಾಡಿ ಉತ್ತರ ಹೇಳಲಾಗುತ್ತದೆ. ಬಿಸಿಲಿನ ಪಾತ್ರವನ್ನು ಅಲ್ಲಗಳೆಯುವಂತಿಲ್ಲವಾದರೂ, ನೆರಳು ಕೊಟ್ಟು ನೀರೆರೆದು ಕಾಪಾಡಿದ ಗಿಡವೂ ಅಂತಹ ಕಡೆ ಹಳದಿಗಟ್ಟಿ ಸೊರಗುವುದಕ್ಕೆ ನೆಲದೊಳಗಿನ ಸುಣ್ಣವೇ ಹೆಚ್ಚಿನ ಕಾರಣ.

ಉದಾಹರಣೆಗೆ ಒಂದು ತಳಿಯನ್ನೇ ತೆಗೆದುಕೊಳ್ಳೋಣ. ಜಪಾನಿನ ತೋಟಗಾರರು ಬಹುಕಾಲದಿಂದ ಕಡ್ಡಿ ನೆಟ್ಟು ಉಳಿಸಿಕೊಂಡು ಬಂದಿರುವ ‘ಸೇಗಾಯ್’ ಎಂಬ ತಳಿಯನ್ನು ನೋಡಿದವರು ಅದನ್ನು ಅಜೇಲಿಯವೆಂದು ತಟ್ಟನೆ ಗುರುತಿಸಲಾರರು. ಸಾಮಾನ್ಯವಾಗಿ ಅಜೇಲಿಯಗಳಲ್ಲಿ ಎಸಳುಗಳು ಬುಡದಲ್ಲಿ ಕೂಡಿಕೊಂಡು ಆಲಿಕೆಯ ಆಕಾರ ತಾಳಿದರೆ, ಇದರಲ್ಲಿ ಅವು ಬಿಡಿಬಿಡಿಯಾಗಿ ಕಿರಿದಾದ ಪಟ್ಟಿಗಳಂತೆ ಚಾಚಿರುತ್ತವೆ. ಎಲೆಯೂ ಅಷ್ಟೇ ಕಿರಿದು. ಇದರ ಮೂಲ ಪ್ರಭೇದವಾದ ಮೋಚಿ ತ್ಸುತ್ಸುಜಿಯ ಪುಷ್ಪಪಾತ್ರೆಯಲ್ಲಿ, ಅಂದರೆ ಹೂವಿನ ಬುಡದ ಹಸಿರು ದಳಗಳಲ್ಲಿ, ಸಣ್ಣ ಕೀಟಗಳು ಸಿಕ್ಕಿಕೊಳ್ಳುವಷ್ಟು ಅಂಟಾದ ರೋಮಗಳಿವೆ. ಇಂತಹ ವಿಚಿತ್ರ ರೂಪಗಳನ್ನು ಆರಿಸಿ ಕಾಯುವ ಹವ್ಯಾಸ ಜಪಾನಿನಲ್ಲಿ ಎಷ್ಟು ಬಲವಾಗಿತ್ತೆಂದರೆ, ಇಂದಿನ ಟೋಕಿಯೊ ಆಗಿರುವ ಎಡೊ ನಗರದ ಸಸ್ಯ ವ್ಯಾಪಾರಿ ಇತೊ ಇಹೇ 1692ರಲ್ಲಿ ಅಜೇಲಿಯಗಳಿಗೇ ಮೀಸಲಾದ ‘ಕಿನ್ಶೂ ಮಾಕುರಾ’ ಎಂಬ ಗ್ರಂಥವನ್ನು ಪ್ರಕಟಿಸಿದ. 1753ರಲ್ಲಿ ಲಿನೇಯಸ್ ಜಪಾನಿನ ಒಂದು ಪ್ರಭೇದಕ್ಕೆ ‘ಅಜೇಲಿಯ ಇಂಡಿಕ’ ಎಂದು ಹೆಸರಿಟ್ಟನಾದರೂ ಅದು ಭಾರತದ ಸಸ್ಯವಲ್ಲ. 1834ರಲ್ಲಿ ಸಸ್ಯವಿಜ್ಞಾನಿ ಜಾರ್ಜ್ ಡಾನ್ ಅಜೇಲಿಯಗಳನ್ನೆಲ್ಲ ರೋಡೊಡೆಂಡ್ರಾನ್ ಕುಲಕ್ಕೆ ಸೇರಿಸಿದ.

ಈ ಕುಲದ ಬಹುಪಾಲು ಗಿಡಗಳು ಹುಳಿ ನೆಲದವು. ಮಣ್ಣಿನ ಆಮ್ಲ-ಕ್ಷಾರಗಳ ಅಳತೆಯಾದ ರಸಸಾರವು 4.5ರಿಂದ 6ರ ನಡುವೆ ಇದ್ದರೆ ಅಜೇಲಿಯಕ್ಕೆ ಹಿತ. ಮಲೆನಾಡಿನಲ್ಲಿ ಸುರಿಯುವ ಮಳೆ ಸುಣ್ಣದಂಶವನ್ನು ತೊಳೆದು ಒಯ್ಯುವುದರಿಂದ ಅಲ್ಲಿನ ಮಣ್ಣು ಹುಳಿಯಾಗಿರುತ್ತದೆ. ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ ಕಾಣುವ ಚಳ್ಳಕೆರೆಯಂತಹ ಬಯಲುಸೀಮೆಯಲ್ಲಿ, ಅದರಲ್ಲೂ ಎರೆಭೂಮಿಯಲ್ಲಿ, ಸುಣ್ಣ ಅಲ್ಲೇ ಉಳಿದು ಹರಳುಗಟ್ಟುತ್ತದೆ. ಅಂತಹ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೆ ಅದು ಕರಗುವುದಿಲ್ಲ: ರಸಸಾರ ಒಂದು ಅಂಕ ಏರಿದರೆ ಫೆರಿಕ್ ಕಬ್ಬಿಣದ ಕರಗುವಿಕೆ ಸುಮಾರು 1000 ಪಟ್ಟು ಇಳಿಯುತ್ತದೆ. ಎಲೆಹಸಿರಿನ ತಯಾರಿಕೆಗೆ ಕಬ್ಬಿಣ ಬೇಕಾದ್ದರಿಂದ, ಅದು ಸಿಗದಾಗ ಎಳೆಯ ಎಲೆಗಳು ನರಗಳನ್ನು ಮಾತ್ರ ಹಸಿರಾಗಿ ಉಳಿಸಿಕೊಂಡು ಹಳದಿಯಾಗುತ್ತವೆ. ಇಂತಹ ಎಲೆಗಳಿಗೆ ಕಬ್ಬಿಣದ ಲವಣ ಕೊಟ್ಟರೆ ಹಸಿರು ಮರಳುವುದೆಂದು ಫ್ರಾನ್ಸಿನ ಯೂಸೆಬ್ ಗ್ರಿ 1840ರ ದಶಕದಲ್ಲೇ ತೋರಿಸಿದ್ದ. ಶೇಂಗಾ ಬೆಳೆಯುವ ಚಳ್ಳಕೆರೆಯ ರೈತರಿಗೆ ಈ ಲಕ್ಷಣ ಹೊಸದೇನಲ್ಲ. ಸುಣ್ಣದ ಹೊಲದಲ್ಲಿ ಶೇಂಗಾ ಹಳದಿಯಾಗುವುದಕ್ಕೂ ಇದೇ ಕಾರಣ, ಅನ್ನಭೇದಿಯ, ಅಂದರೆ ಫೆರಸ್ ಸಲ್ಫೇಟಿನ, ಸಿಂಪರಣೆಯೇ ಅದಕ್ಕೂ ಮದ್ದು.

ಅದೇ ಸೀಮೆಯ ಅಮೃತಮಹಲ್ ಕಾವಲೆಂಬ ಹುಲ್ಲುಗಾವಲಿನ ಹುಲ್ಲು ಮಾತ್ರ ಹಸಿರಾಗಿರುವುದೇಕೆ ಎಂಬುದಕ್ಕೂ ಉತ್ತರ ಜಪಾನಿನಿಂದಲೇ ಬಂದಿದೆ. ಹುಲ್ಲಿನ ಜಾತಿಯ ಗಿಡಗಳ ಬೇರು ಕಬ್ಬಿಣವನ್ನು ಕಚ್ಚಿಕೊಂಡು ಕರಗಿಸುವ ಪದಾರ್ಥಗಳನ್ನು ಮಣ್ಣಿಗೆ ಬಿಡುತ್ತದೆಂದು ಅಲ್ಲಿನ ವಿಜ್ಞಾನಿ ತಕಾಗಿ 1976ರಲ್ಲಿ ವರದಿ ಮಾಡಿದರು. ದ್ವಿದಳ ಸಸ್ಯಗಳಾದ ಶೇಂಗಾ ಮತ್ತು ಅಜೇಲಿಯಗಳ ದಾರಿ ಬೇರೆ: ಅವು ಬೇರಿನಿಂದ ಆಮ್ಲ ಸ್ರವಿಸಿ, ಕಬ್ಬಿಣವನ್ನು ಫೆರಸ್ ರೂಪಕ್ಕೆ ತಂದು ಹೀರಬೇಕು. ಸುಣ್ಣದಿಂದ ಹುಟ್ಟುವ ಬೈಕಾರ್ಬೊನೇಟ್ ಆ ಆಮ್ಲವನ್ನು ಹುಟ್ಟಿದಲ್ಲೇ ತಟಸ್ಥಗೊಳಿಸುತ್ತದೆ.

ಹುಳಿ ಮಜ್ಜಿಗೆ, ನಿಂಬೆರಸ, ಕಾಫಿಚರಟಗಳಿಂದ ನೆಲವನ್ನು ಹುಳಿ ಮಾಡಬಹುದೆಂಬ ಪ್ರಚಾರವನ್ನು ಈ ಕಾರಣಕ್ಕೇ ನಂಬಲಾಗದು. ಸುಣ್ಣದ ನೆಲವು ತುಂಬಿದ ಹಗೇವಿನಂತೆ. ಸುರಿದ ಆಮ್ಲ ಒಂದಿಷ್ಟು ಸುಣ್ಣವನ್ನು ತೆಗೆದರೂ ಒಳಗಿನ ದಾಸ್ತಾನು ಮೇಲೆ ಬಂದು ರಸಸಾರವನ್ನು ಮೊದಲಿನ ಮಟ್ಟಕ್ಕೇ ತರುತ್ತದೆ, ಮತ್ತು ಆ ದಾಸ್ತಾನು ಮುಗಿಯುವಷ್ಟು ಆಮ್ಲ ಸುರಿಯುವುದು ಯಾವ ಹಿತ್ತಲಿಗೂ ಕಾರ್ಯಸಾಧ್ಯವಲ್ಲ. ಜಪಾನಿನ ಬೋನ್ಸಾಯಿ ಬೆಳೆಗಾರರು ಸಹ ಸಾತ್ಸುಕಿ ಅಜೇಲಿಯಗಳಿಗೆ ಸಿಕ್ಕಿದ ಮಣ್ಣನ್ನು ಬಳಸದೆ, ಅಕಾಗಿ ಅಗ್ನಿಪರ್ವತ ಉಗುಳಿದ ಹುಳಿ ಗುಣದ ‘ಕನುಮಾ’ ಹರಳುಗಳನ್ನೇ ಆರಿಸಿಕೊಂಡಿದ್ದಾರೆ.

ಆದ್ದರಿಂದ ದೊಡ್ಡಉಳ್ಳಾರ್ತಿಯಲ್ಲಿ ಸೇಗಾಯ್ ಬೆಳೆಸುವ ಆಸೆಯುಳ್ಳವರು ನೆಲವನ್ನು ಬಿಟ್ಟು ಮಣ್ಣಿನ ಅಥವಾ ಪ್ಲಾಸ್ಟಿಕ್ ಕುಂಡವನ್ನು ಹಿಡಿಯಬೇಕು. ಸಿಮೆಂಟ್ ಕುಂಡವೇ ಸುಣ್ಣ ಬಿಡುವುದರಿಂದ ಅದು ಬೇಡ. ಉಪ್ಪು ತೊಳೆದ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಮತ್ತು ಸುಣ್ಣವಿಲ್ಲದ ದಪ್ಪ ಮರಳಿನ ಮಿಶ್ರಣವನ್ನು ಕುಂಡಕ್ಕೆ ತುಂಬಬೇಕು. ಬೇರುರೋಮಗಳಿಲ್ಲದ ಅಜೇಲಿಯದ ಕೂದಲೆಳೆಯಂತಹ ಬೇರುಗಳು ಮೇಲುಮೇಲಕ್ಕೇ ಹರಡುವುದರಿಂದ, ಗಿಡವನ್ನು ಆಳಕ್ಕೆ ನೆಡಬಾರದು. ಬೋರ್‌ವೆಲ್‌ನ ಗಡಸು ನೀರು ಹಾಕುತ್ತಾ ಹೋದರೆ ಕುಂಡದಲ್ಲೂ ಸುಣ್ಣ ಸೇರುವುದರಿಂದ, ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟು ಅದನ್ನೇ ಉಣಿಸಬೇಕು. ಗೊಬ್ಬರವಾಗಿ ನೈಟ್ರೇಟಿಗಿಂತ ಅಮೋನಿಯಂ ಸಲ್ಫೇಟ್ ಲೇಸು, ಏಕೆಂದರೆ ಬೇರು ಅಮೋನಿಯಂ ಹೀರುವಾಗ ಸುತ್ತಲಿನ ಮಣ್ಣು ತುಸು ಹುಳಿಯಾಗುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಕುಂಡವು ಮನೆಯ ಪೂರ್ವ ದಿಕ್ಕಿನ ನೆರಳಿನಲ್ಲಿ, ಎಳೆಬಿಸಿಲು ಮಾತ್ರ ತಾಗುವಂತೆ ಇರಬೇಕು.