ಯಾರ ಪಾಲಿಗೆ ಎಷ್ಟು ಅಂಕ?

ಸುಗ್ಗಿಯ ಕಣದಲ್ಲಿ ಜೋಳದ ರಾಶಿ ಒಂದೇ; ಆಯಕ್ಕೆ ಬರುವವರು ಹಲವರು. ಕೂರಿಗೆ ಮಾಡಿಕೊಟ್ಟ ಬಡಿಗ, ಕುಡ ಹಣಿದ ಕಮ್ಮಾರ, ಬಟ್ಟೆ ಒಗೆದ ಅಗಸ, ಮಡಕೆ ಕೊಟ್ಟ ಕುಂಬಾರ. ಇವರ ಬೇರೆ ಬೇರೆ ದುಡಿಮೆಯನ್ನು ಒಂದೇ ಸೇರಿನಿಂದ ಅಳೆಯುವುದು ಹೇಗೆ? ತೆಂಗಳಿಯಂಥ ಊರುಗಳಿಗೆ ತೀರ ಹಳೆಯದಾದ ಈ ಪ್ರಶ್ನೆ ಅಮೆರಿಕದ ಒಂದು ಮೇಜಿನಾಟವನ್ನೂ ದಶಕಗಳ ಕಾಲ ಕಾಡಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆ ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಇಲ್ಲಿ ಕಾಯಿಗಳ ಬದಲು ಪಾತ್ರಗಳು. ಮೊದಲಿಗೆ ಇದ್ದವು ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರು ವರ್ಗ; ಕಳ್ಳ ಸೇರಿದ್ದು 1975ರಲ್ಲಿ. ಬಯಲಾಟದ ಸಾರಥಿಯಂತೆ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಮಾತಿನಲ್ಲೇ ಸಾಹಸಕ್ಕೆ ಹೊರಡುತ್ತಾರೆ. ಚೌಕಾಬಾರದ ಕಾಯಿಗೆ ನಿನ್ನೆಯ ಆಟದ ನೆನಪಿಲ್ಲ. ಈ ಪಾತ್ರಗಳು ಹಾಗಲ್ಲ. ಅವು ಗಳಿಸಿದ 'ಅನುಭವ ಅಂಕ'ಗಳು ಆಟದಿಂದ ಆಟಕ್ಕೆ ಕೂಡುತ್ತ ಹೋಗಿ, ಗೊತ್ತಾದ ಮೊತ್ತ ಮುಟ್ಟಿದಾಗ ಪಾತ್ರ ಮೇಲಿನ ಹಂತಕ್ಕೇರುತ್ತದೆ.

ಅಂಕ ಬರುವುದು ಯಾತಕ್ಕೆ? ಆರಂಭದಲ್ಲಿ ರಾಕ್ಷಸರನ್ನು ಗೆದ್ದುದಕ್ಕೆ ಮತ್ತು ಹೊತ್ತು ತಂದ ಚಿನ್ನಕ್ಕೆ. ಹಾಗಾಗಿ ಕಾದಾಡದೆ ಉಪಾಯದಿಂದ ನಿಧಿ ಎತ್ತಿ ತರುವುದೇ ಜಾಣತನವಾಯಿತು. 1989ರ ಎರಡನೆಯ ಆವೃತ್ತಿ, ಬೇಕಾದವರು ಬಳಸಿಕೊಳ್ಳಲೆಂದು, ವರ್ಗಕ್ಕೊಂದು ಬಗೆಯ ಬಹುಮಾನ ಗೊತ್ತುಮಾಡಿತು. ಯೋಧನಿಗೆ ಸೋತ ವೈರಿಯ ಬಲಕ್ಕೆ ತಕ್ಕಷ್ಟು ಅಂಕ. ಮಾಂತ್ರಿಕನಿಗೆ ತೊಡಕು ಬಿಡಿಸಿದ ಮಂತ್ರದ ಪ್ರತಿ ಹಂತಕ್ಕೆ 50, ಪುರೋಹಿತನಿಗೆ ತನ್ನ ಧರ್ಮಕ್ಕೆ ಪೂರಕವಾದ ಮಂತ್ರದ ಪ್ರತಿ ಹಂತಕ್ಕೆ 100. ಕಳ್ಳನಿಗೆ ಕೈಚಳಕ ಫಲಿಸಿದಾಗಲೆಲ್ಲ 200, ಮೇಲೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೆ 2.

ಏರಬೇಕಾದ ಮೆಟ್ಟಿಲೂ ಒಂದೇ ಎತ್ತರದ್ದಲ್ಲ. ಎರಡನೆಯ ಹಂತಕ್ಕೆ ಕಳ್ಳನಿಗೆ 1,250 ಅಂಕ ಸಾಕು. ಯೋಧನಿಗೆ 2,000, ಮಾಂತ್ರಿಕನಿಗೆ 2,500 ಬೇಕು. ಮುಂದೆ ಹೆಚ್ಚು ಬಲಶಾಲಿಯಾಗುವ ಮಾಂತ್ರಿಕ ಮೊದಲು ಹೆಚ್ಚು ಕಾಯಬೇಕೆಂಬುದು ಇದರ ಲೆಕ್ಕಾಚಾರ.

ನ್ಯಾಯವೆನಿಸುವ ಈ ಪಟ್ಟಿಯಲ್ಲೂ ಒಂದು ತೊಡಕಿತ್ತು. ಯಾವುದಕ್ಕೆ ಅಂಕವೋ ಅದನ್ನೇ ಜನ ಮಾಡುತ್ತಾರೆ. ಕಂಡ ಬೀಗವನ್ನೆಲ್ಲ ತೆರೆಯುವ ಆಸೆ ಕಳ್ಳನಿಗೆ. ಸಂಧಿಯಲ್ಲಿ ಮುಗಿಯುವ ಜಗಳವನ್ನು ಯುದ್ಧಕ್ಕೆಳೆಯುವ ಆಸೆ ಯೋಧನಿಗೆ. ಕೂಡಿ ಹೊರಟವರು ತಮ್ಮ ತಮ್ಮ ಲೆಕ್ಕದ ಹಿಂದೆ ಬೀಳುವ ಅಪಾಯವಿತ್ತು. 2000ದಲ್ಲಿ ಬಂದ ಮೂರನೆಯ ಆವೃತ್ತಿ ಮೆಟ್ಟಿಲನ್ನು ಸಮ ಮಾಡಿತು. ಎರಡನೆಯ ಹಂತಕ್ಕೆ ಎಲ್ಲರಿಗೂ 1,000. ಕೂಡಿ ಗೆದ್ದರೆ ಕೂಡಿಯೇ ಪಾಲು. ಆದರೆ ಮೂಲೆಯಲ್ಲಿ ಸುಮ್ಮನೆ ಕುಳಿತವನಿಗೂ ಅಷ್ಟೇ ಪಾಲೇ ಎಂಬ ತಕರಾರು ಆಗ ಏಳುವುದು ಸಹಜ.

ಕಣಕ್ಕೂ ಮೇಜಿಗೂ ಇರುವ ದೊಡ್ಡ ಅಂತರವನ್ನು ಮರೆಯುವಂತಿಲ್ಲ. ಆಯಗಾರನ ಕಸುಬನ್ನು ಹುಟ್ಟು ನಿರ್ಧರಿಸುತ್ತಿತ್ತು. ಪಾಲು ಕಡಿಮೆಯೆನಿಸಿದರೂ ಕಸುಬು ಬಿಡುವುದು ಸುಲಭವಿರಲಿಲ್ಲ. ಆಟದಲ್ಲಿ ಪಾತ್ರವನ್ನು ಆಟಗಾರನೇ ಆರಿಸುತ್ತಾನೆ, ಒಗ್ಗದಿದ್ದರೆ ಮರುದಿನ ಬೇರೊಂದನ್ನು ಹಿಡಿಯುತ್ತಾನೆ. ಅಳತೆ ಎಷ್ಟು ನ್ಯಾಯವೆಂದು ಕೇಳುವ ಮುನ್ನ, ಅಳೆಯಿಸಿಕೊಳ್ಳುವವನಿಗೆ ಆಯ್ಕೆ ಇತ್ತೇ ಎಂದು ಕೇಳುವುದು ಲೇಸು.