ಒಂದು ಚಿತ್ರದ ಜೀರ್ಣೋದ್ಧಾರ

1978ರಲ್ಲಿ, ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ಚಲನಚಿತ್ರ ಸಂಘವೊಂದು ಏರ್ಪಡಿಸಿದ್ದ ಪ್ರದರ್ಶನದಲ್ಲಿ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ಮೊದಲ ಬಾರಿಗೆ ನೋಡಿದೆ. ಗೋಡೆಗೆ ಕಟ್ಟಿದ ಬಿಳಿಯ ಪರದೆ, ಗರಗರನೆ ಸದ್ದು ಮಾಡುವ 16 ಮಿಲಿಮೀಟರ್ ಪ್ರೊಜೆಕ್ಟರು, ಮಳೆ ಹಿಡಿದಂತೆ ಉದ್ದಕ್ಕೂ ಗೀರುಗಳು ತುಂಬಿದ ಚಿತ್ರ. ಅದರ ಒಂದು ದೃಶ್ಯ ಮನಸ್ಸಿನಲ್ಲಿ ನಿಂತುಬಿಟ್ಟಿತು. ಕೆರೆಯ ದಂಡೆಯಲ್ಲಿ ಒಬ್ಬಳೇ ಆಡುತ್ತಿರುವ ಪುಟ್ಟ ಹುಡುಗಿಯ ಬಳಿಗೆ ಆ ವಿಕಾರರೂಪಿ ಬರುತ್ತಾನೆ. ಅವಳು ಹೆದರದೆ ಅವನ ಕೈಗೆ ಹೂ ಕೊಡುತ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆಸೆದು, ಅವು ತೇಲುವುದನ್ನು ಕಂಡು ನಲಿಯುತ್ತಾರೆ. ಅವನ ಕೈಯ ಹೂ ಮುಗಿಯುತ್ತದೆ. ಅವನು ಹುಡುಗಿಯತ್ತ ಕೈ ಚಾಚುತ್ತಾನೆ. ಅಲ್ಲಿಗೆ ದೃಶ್ಯ ತಟ್ಟನೆ ನಿಂತುಹೋಗುತ್ತದೆ. ಆಮೇಲೆ ನಮಗೆ ಕಾಣುವುದು, ಮದುವೆಯ ಸಡಗರದಲ್ಲಿರುವ ಊರಿನ ಬೀದಿಯಲ್ಲಿ ಮಗಳ ಹೆಣವನ್ನು ಹೊತ್ತು ನಡೆದುಬರುವ ತಂದೆ.

ನಡುವೆ ಏನಾಯಿತು? ಆ ತೆರಪನ್ನು ನನ್ನ ಕಲ್ಪನೆ ಅತ್ಯಂತ ಹೇಯವಾದುದರಿಂದಲೇ ತುಂಬಿಕೊಂಡಿತು. ಮುಂದೆ ಅಧ್ಯಾಪಕನಾದಾಗ, ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯ ಪ್ರಸ್ತಾಪ ಬಂದಾಗಲೆಲ್ಲ, ಕಾದಂಬರಿಯ ಜೀವಿಗೆ ಅಂತಃಕರಣವಿದೆ, ಚಲನಚಿತ್ರದವರು ಅದನ್ನು ಬರಿಯ ರಾಕ್ಷಸನನ್ನಾಗಿಸಿದ್ದಾರೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅದು ಅನ್ಯಾಯದ ಮಾತೆಂದು ತಿಳಿದದ್ದು, ಅನೇಕ ವರ್ಷಗಳ ತರುವಾಯ ಅದೇ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿಯನ್ನು ಮನೆಯಲ್ಲಿ ಕುಳಿತು ಡಿವಿಡಿಯಲ್ಲಿ ನೋಡಿದಾಗ.

ಈ ಪ್ರತಿಯಲ್ಲಿ ದೃಶ್ಯ ಮುಂದುವರಿಯುತ್ತದೆ. ಹೂವಿನಂತೆ ಹುಡುಗಿಯೂ ತೇಲುವಳೆಂದು ನಂಬಿ, ಅವನು ಅವಳನ್ನೆತ್ತಿ ನೀರಿಗೆ ಹಾಕುತ್ತಾನೆ. ಅವಳು ಮುಳುಗುತ್ತಾಳೆ. ಏನಾಯಿತೆಂದು ಅರಿಯದೆ ಅವನು ನೀರಿನಲ್ಲಿ ತಡಕಾಡುತ್ತಾನೆ. ದಿಗಿಲುಗೊಂಡು ತತ್ತರಿಸುತ್ತಾ ಓಡಿಹೋಗುತ್ತಾನೆ. ಇದು ಕೇಡಿಗನ ಕೃತ್ಯವಲ್ಲ, ತಿಳಿವಳಿಕೆ ಮೂಡದ ಜೀವಿಯೊಂದರ ದುರಂತ. ಕೆಲವೇ ಕ್ಷಣಗಳ ಫಿಲ್ಮು ಇಲ್ಲದೆ ಹೋದುದರಿಂದ ಒಂದು ಪಾತ್ರದ ಮೇಲೆ ಅದು ಮಾಡದ ಪಾಪದ ಹೊರೆ ಬಿದ್ದಿತ್ತು.

ಆ ಕ್ಷಣಗಳು ಹೋದದ್ದು ಹೇಗೆ? ಅಮೆರಿಕದ ಯೂನಿವರ್ಸಲ್ ಸಂಸ್ಥೆಗಾಗಿ ಜೇಮ್ಸ್ ವೇಲ್ ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1931ರಲ್ಲಿ. ಮೃತದೇಹಗಳ ಅಂಗಾಂಗಗಳನ್ನು ಜೋಡಿಸಿ ಜೀವ ಬರಿಸುವ ವಿಜ್ಞಾನಿ ಹೆನ್ರಿ ಫ್ರಾಂಕೆನ್‌ಸ್ಟೈನ್‌ನ ಪಾತ್ರದಲ್ಲಿ ಕಾಲಿನ್ ಕ್ಲೈವ್, ಅವನು ಸೃಷ್ಟಿಸಿದ ಜೀವಿಯ ಪಾತ್ರದಲ್ಲಿ ಬೋರಿಸ್ ಕಾರ್ಲಾಫ್ ಅಭಿನಯಿಸಿದರು. ಜ್ಯಾಕ್ ಪಿಯರ್ಸ್ ರೂಪಿಸಿದ ಆ ಮುಖವನ್ನು ಚಿತ್ರ ನೋಡದವರೂ ಬಲ್ಲರು. ಆದರೆ 1934ರಲ್ಲಿ ಹಾಲಿವುಡ್ಡಿನ ನೀತಿಸಂಹಿತೆ ಕಟ್ಟುನಿಟ್ಟಾಗಿ ಜಾರಿಗೆ ಬಂದಿತು. ಮರುಬಿಡುಗಡೆಯಾಗಬೇಕಾದ ಹಳೆಯ ಚಿತ್ರಗಳಿಗೂ ಅದು ಅನ್ವಯಿಸಿತು. ಹುಡುಗಿ ಮುಳುಗುವ ದೃಶ್ಯಕ್ಕೆ ಕತ್ತರಿ ಬಿದ್ದಿತು. ಜೀವ ಬಂದ ಕೂಡಲೆ ವಿಜ್ಞಾನಿ ಉನ್ಮತ್ತನಾಗಿ ತನ್ನನ್ನು ದೇವರಿಗೆ ಹೋಲಿಸಿಕೊಳ್ಳುವ ಮಾತು ಗುಡುಗಿನ ಸದ್ದಿನಲ್ಲಿ ಅಡಗಿಹೋಯಿತು. 1957ರಲ್ಲಿ ಯೂನಿವರ್ಸಲ್‌ನ 52 ಚಿತ್ರಗಳು ‘ಶಾಕ್’ ಎಂಬ ಹೆಸರಿನ ಒಂದು ಕಟ್ಟಾಗಿ ಅಮೆರಿಕದ ದೂರದರ್ಶನ ಕೇಂದ್ರಗಳಿಗೆ ಹೋದಾಗ ಅದರಲ್ಲಿ ಈ ಚಿತ್ರವೂ ಇತ್ತು. ಹೀಗೆ ತಲೆಮಾರುಗಳು ಮನೆಯಲ್ಲಿ ಕುಳಿತು ನೋಡಿದ್ದು ಮೊಟಕುಗೊಂಡ ಪ್ರತಿಯನ್ನೇ. ಕಳೆದ ಭಾಗ ಮರಳಿ ಸೇರಿದ್ದು 1980ರ ದಶಕದಲ್ಲಿ, ಮನೆಯ ವೀಕ್ಷಣೆಗೆಂದೇ ಹೊರತಂದ ಲೇಸರ್ ಡಿಸ್ಕ್ ಮುಂತಾದ ಆವೃತ್ತಿಗಳಲ್ಲಿ. ಅಡಗಿಹೋಗಿದ್ದ ಮಾತೂ ಮುಂದಿನ ಆವೃತ್ತಿಯೊಂದರಲ್ಲಿ ಕಿವಿಗೆ ಬಿದ್ದಿತು.

ಹಾಗಾದರೆ ಜೀರ್ಣೋದ್ಧಾರವೆಂದರೇನು? ನಮ್ಮಲ್ಲಿ ಓಲೆಗರಿಯ ಕಾವ್ಯವನ್ನು ಸಂಪಾದಿಸುವವರ ಕೆಲಸವನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಂಪಾದಕ ಮೊದಲು ದೊರೆತ ಪ್ರತಿಗಳನ್ನೆಲ್ಲ ಕೂಡಿಹಾಕುತ್ತಾನೆ. ಒಂದರಲ್ಲಿ ಗರಿ ಮುರಿದಿದ್ದರೆ, ಇನ್ನೊಂದರಲ್ಲಿ ಹುಳು ತಿಂದಿರುತ್ತದೆ. ಎಲ್ಲವನ್ನೂ ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸಬೇಕು. ಚಲನಚಿತ್ರದಲ್ಲಿಯೂ ಮೂಲ ನೆಗೆಟಿವ್‌ಗೆ ಸಮೀಪದ ಪ್ರತಿ ಯಾವುದು, ಅದರಲ್ಲಿ ಹಾಳಾದ ಭಾಗ ಬೇರೆ ಯಾವ ಪ್ರತಿಯಲ್ಲಿ ಚೆನ್ನಾಗಿದೆ ಎಂಬುದೇ ಮೊದಲ ಪ್ರಶ್ನೆ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಚಿತ್ರದ ಸೂಕ್ಷ್ಮ ವಿವರಗಳು ಮಾಸುತ್ತ ಹೋಗುತ್ತವೆ.

ಮೂಲವಸ್ತುವೇ ಒಂದು ವಿಪತ್ತು. 1950ರ ದಶಕದ ಆರಂಭದವರೆಗೆ ಸಿನಿಮಾ ಫಿಲ್ಮನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ಅದು ಬೇಗನೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ನೀರಿಗೂ ಆರದು. ಬೆಂಕಿ ತಗುಲದಿದ್ದರೂ ಕಾಲಕ್ರಮದಲ್ಲಿ ಅಂಟಂಟಾಗಿ ಕೊಳೆತು ಕೊನೆಗೆ ಪುಡಿಯಾಗುತ್ತದೆ. 1937ರಲ್ಲಿ ನ್ಯೂಜೆರ್ಸಿಯ ಉಗ್ರಾಣವೊಂದರಲ್ಲಿ ಬೆಂಕಿ ಬಿದ್ದು ಫಾಕ್ಸ್ ಸಂಸ್ಥೆಯ ಮೂಕಿಚಿತ್ರಗಳ ದೊಡ್ಡ ಸಂಗ್ರಹವೇ ಸುಟ್ಟುಹೋಯಿತು. 2003ರಲ್ಲಿ ನಮ್ಮ ಪುಣೆಯಲ್ಲಿಯೂ ನೈಟ್ರೇಟ್ ಸುರುಳಿಗಳು ಬೆಂಕಿಗೆ ಆಹುತಿಯಾದವು.

ಉಳಿದ ಸುರುಳಿಯನ್ನು ಮೊದಲು ಕೈಯಿಂದಲೇ ತೊಳೆದು, ಹರಿದ ಅಂಚುಗಳನ್ನು ಜೋಡಿಸಿ, ಬಳಿಕ ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ, ಸುಮಾರು 70 ನಿಮಿಷಗಳ ಈ ಚಿತ್ರದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಚಿತ್ರಗಳಿವೆ. ಫಿಲ್ಮನ್ನು ವಿಶೇಷ ದ್ರವವೊಂದರಲ್ಲಿ ಹಾಯಿಸಿ ಸ್ಕ್ಯಾನ್ ಮಾಡುವುದೂ ಉಂಟು. ದ್ರವ ಗೀರುಗಳಲ್ಲಿ ತುಂಬಿಕೊಳ್ಳುವುದರಿಂದ ಅವು ಬೆಳಕಿಗೆ ಕಾಣದಾಗುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಧೂಳಿನ ಚುಕ್ಕೆಗಳನ್ನು ತೆಗೆಯುವುದು, ಚಿತ್ರದ ಅಲುಗಾಟವನ್ನು ನಿಲ್ಲಿಸುವುದು, ಬೆಳಕಿನ ಮಿನುಗಾಟವನ್ನು ಸಮಗೊಳಿಸುವುದು, ಧ್ವನಿಯ ಸಿಡಿತಗಳನ್ನು ಕಳೆಯುವುದು. ಯೂನಿವರ್ಸಲ್ ಸಂಸ್ಥೆ ತನ್ನ ಶತಮಾನೋತ್ಸವದ ವರ್ಷವಾದ 2012ರಲ್ಲಿ ಉದ್ಧರಿಸಿದ 13 ಚಿತ್ರಗಳಲ್ಲಿ ‘ಫ್ರಾಂಕೆನ್‌ಸ್ಟೈನ್’ ಒಂದು. 2021ರಲ್ಲಿ ಅದರ 4ಕೆ ಡಿಸ್ಕ್ ಹೊರಬಂದಿತು.

ಇಲ್ಲಿ ವಿವೇಕ ಬೇಕಾಗುತ್ತದೆ. ಲಿಪಿಕಾರನ ತಪ್ಪನ್ನು ತಿದ್ದುವುದು ಸಂಪಾದಕನ ಧರ್ಮ. ಕವಿಯ ಪದ್ಯವನ್ನೇ ತಿದ್ದಿದರೆ ಅಪಚಾರ. ಧೂಳು, ಗೀರು ಕಾಲ ಎಸಗಿದ ತಪ್ಪುಗಳು. ಆದರೆ ಫಿಲ್ಮಿನ ಮೇಲಿನ ಮರಳಿನಂಥ ಸಣ್ಣ ಕಣಗಳು ಕೊಳೆಯಲ್ಲ. ಚಿತ್ರ ಮೂಡಿರುವುದೇ ಅವುಗಳಿಂದ. ನುಣುಪು ಬರಲೆಂದು ಯಂತ್ರಕ್ಕೆ ಅತಿಯಾಗಿ ಉಜ್ಜಲು ಬಿಟ್ಟರೆ ಕಣಗಳ ಜೊತೆಗೆ ಮುಖದ ಸುಕ್ಕು, ಬಟ್ಟೆಯ ನೇಯ್ಗೆ ಎಲ್ಲ ಅಳಿಸಿ ಹೋಗಿ, ಮನುಷ್ಯರು ಮೇಣದ ಗೊಂಬೆಗಳಾಗುತ್ತಾರೆ. ಸ್ಟುಡಿಯೋದಲ್ಲಿ ಬಣ್ಣ ಬಳಿದು ನಿಲ್ಲಿಸಿದ ಆಕಾಶದ ಪರದೆಯ ಮಡಿಕೆಗಳು ಹೊಸ ಪ್ರತಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅವನ್ನು ಅಳಿಸುವುದು ಕಷ್ಟವೇನಲ್ಲ, ಅಳಿಸಬಾರದು. ಅದು 1931ರ ಜನರ ಕೈಗೆಲಸ.

ಮನೆಯಲ್ಲಿ ನೋಡುವವರಿಗೂ ಒಂದು ಹೊಣೆಯಿದೆ. ಆ ಕಾಲದ ಚಿತ್ರ ಹೆಚ್ಚುಕಡಿಮೆ ಚೌಕಾಕಾರದ್ದು. ಇಂದಿನ ಅಗಲವಾದ ಟಿ.ವಿ.ಯಲ್ಲಿ ಎರಡೂ ಬದಿಗೆ ಕಪ್ಪು ಪಟ್ಟಿ ಉಳಿಯುತ್ತದೆ. ಪರದೆ ತುಂಬಲೆಂದು ಚಿತ್ರವನ್ನು ಎಳೆದರೆ ಕಾರ್ಲಾಫನ ಮುಖ ಕುಂಬಳಕಾಯಿಯಾದೀತು. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನೂ ನಿಲ್ಲಿಸಿಬಿಡುವುದು ಮೇಲು. ದೀಪ ಆರಿಸಿ ನೋಡಿದರೆ ಮತ್ತೂ ಒಳ್ಳೆಯದು.

ಅದೇ 1931ರಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಬಿಡುಗಡೆಯಾಯಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದಿತು. ಎರಡರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅಲ್ಲಿ ಕೆಲವು ಕ್ಷಣಗಳು ಕಳೆದುಹೋಗಿದ್ದವು, ಇಲ್ಲಿ ಚಿತ್ರವೇ ಹೋಗಿದೆ. ಯಾವ ಯಂತ್ರವೂ ಇಲ್ಲದ ಫಿಲ್ಮನ್ನು ಉದ್ಧರಿಸಲಾರದು. ತಮ್ಮ ಮನೆಯ ಅಟ್ಟದ ಮೇಲೆ, ಮುಚ್ಚಿಹೋದ ಟೂರಿಂಗ್ ಟಾಕೀಸಿನವರ ಕೊಠಡಿಯಲ್ಲಿ, ತುಕ್ಕು ಹಿಡಿದ ಫಿಲ್ಮಿನ ಡಬ್ಬಿ ಕಂಡರೆ ಗುಜರಿಗೆ ಹಾಕುವ ಮುನ್ನ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರೆಂದು ಬೇಡುತ್ತೇನೆ. ಡಬ್ಬಿಯ ಬಳಿ ಬೆಂಕಿ ಮಾತ್ರ ಸುಳಿಯದಿರಲಿ.

ಆ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗಲೂ ಭೇಟಿಯಾಗುತ್ತಾರೆ. ಅಂದು ನಾನು ಹೇಳಿದ್ದು ತಪ್ಪು, ಚಿತ್ರವನ್ನು ಇನ್ನೊಮ್ಮೆ ನೋಡಿ ಎಂದು ಅವರಿಗೆ ಹೇಳುತ್ತಿರುತ್ತೇನೆ.